ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ನನ್ನದು 10 ವರ್ಷ ಹಳೆಯ ಪೆಟ್ರೋಲ್ ವ್ಯಾಗನ್ ಆರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಪಿಕಪ್ ಇಲ್ಲ. ಪ್ಲಗ್ ಹೋಗಿರಬೇಕು ಅಂತಾರೆ. ನಾನೇ ಬದಲಿಸಿದರೆ ಎಂಜಿನ್‌ಗೆ ಏನಾದರೂ ಆಗುತ್ತಾ?

ಖಂಡಿತ ಬದಲಿಸಬಹುದು. ನಿಮ್ಮ ಕಾರಿನಲ್ಲಿ ಮೂರು ಸಿಲಿಂಡರ್, ಮೂರೇ ಪ್ಲಗ್. ಬಿಚ್ಚುವುದು ಸುಲಭ. ಎಂಜಿನ್ ಹಾಳಾಗುವುದು ಹೊಸ ಪ್ಲಗ್ ಕೂರಿಸುವಾಗ.

ಹಳೆಯದನ್ನೇ ಉಜ್ಜಿ ಹಾಕಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಮಸಿ ಹೋಗುತ್ತದೆ, ಸವೆದ ತುದಿ ವಾಪಸ್ ಬರುವುದಿಲ್ಲ. ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತದೆ. ಅಂಚು ದುಂಡಗಾದರೆ ಜಾಸ್ತಿ ವೋಲ್ಟೇಜ್ ಬೇಕು, ಆ ಹೊರೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ ಬೀಳುತ್ತದೆ. ಮಾಮೂಲಿ ನಿಕ್ಕಲ್ ಪ್ಲಗ್ 30-40 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಪ್ಲಗ್ ಸುಮಾರು 1 ಲಕ್ಷ ಕಿ.ಮೀ.ವರೆಗೂ ಬರುತ್ತದೆ. ಮ್ಯಾನುಯಲ್‌ನಲ್ಲಿರುವ ನಂಬರನ್ನೇ ಕೇಳಿ ತನ್ನಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಬೇಡ.

ಎಂಜಿನ್ ಪೂರ್ತಿ ತಣ್ಣಗಿರಲಿ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆಯೇ ಕೆಲಸ ಶುರು ಮಾಡಿ. ಏರ್ ಫಿಲ್ಟರ್ ಡಬ್ಬಿ ಅಡ್ಡ ಇದ್ದರೆ ತೆಗೆದಿಡಿ. ಕಾಯಿಲ್‌ನ ವೈರು ಎಳೆಯಬೇಡಿ, ಕನೆಕ್ಟರ್‌ನ ಲಾಕ್ ಒತ್ತಿ ಬಿಡಿಸಿ. ಕಾಯಿಲ್ ಹೊರಬಂದ ಮೇಲೆ ಪ್ಲಗ್ ಕೂತಿರುವ ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಈ ಒಂದು ಕೆಲಸ ಬಿಟ್ಟರೆ, ಪ್ಲಗ್ ಹೊರಬಂದ ತಕ್ಷಣ ಆ ಮಣ್ಣೆಲ್ಲ ನೇರ ಸಿಲಿಂಡರ್‌ಗೆ ಇಳಿಯುತ್ತದೆ.

ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಪ್ಲಗ್‌ನ ಮೈ ಉಕ್ಕು. ಥ್ರೆಡ್ ಅಡ್ಡ ಕೂತರೆ ಸೋಲುವುದು ಹೆಡ್. ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಆಯಿತು. ಮೊದಲ ಸುತ್ತಿನಿಂದಲೇ ರ‍್ಯಾಚೆಟ್ ಪಾನಾ ಹಾಕಿ ತಿರುಗಿಸಿದರು, ಕೊನೆಗೆ ಹೆಡ್‌ಗೆ ಹೊಸ ಥ್ರೆಡ್ ಕೂರಿಸಬೇಕಾಯಿತು. ಅಂದಿನಿಂದ ನಾನು ಪ್ಲಗ್‌ನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಬೆರಳಲ್ಲೇ ತಿರುಗಿಸುತ್ತೇನೆ. ಥ್ರೆಡ್ ಸರಿಯಾಗಿ ಹಿಡಿಯದಿದ್ದರೆ ಪೈಪ್ ಜಾರುತ್ತದೆ, ಬಲ ಬೀಳುವುದೇ ಇಲ್ಲ. ಹಾಗೆ ಜಾರಿದರೆ ತೆಗೆದು ಮತ್ತೆ ಶುರು ಮಾಡಿ. ಆತುರ ಬೇಡ.

ಪ್ಲಗ್ ತಳ ಮುಟ್ಟಿದ ಮೇಲೆ ಪಾನಾ ಹಿಡಿಯಿರಿ. ವಾಷರ್ ಇರುವ ಹೊಸ ಪ್ಲಗ್‌ಗೆ ಇನ್ನು ಅರ್ಧ ಸುತ್ತು ಸಾಕು. ವಾಷರ್ ಅದುಮುವುದು ಕೈಗೇ ಗೊತ್ತಾಗುತ್ತದೆ. ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚ್ ಇದ್ದರೆ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ, ಹಚ್ಚಿದರೆ ಗೊತ್ತಾಗದೆ ಜಾಸ್ತಿ ಬಿಗಿಯಾಗುತ್ತದೆ.

ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಸಾಲಿನಲ್ಲೇ ಜೋಡಿಸಿಟ್ಟು ನೋಡಿ. ತುದಿ ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಕಿಡಿ ಸಾಲುತ್ತಿಲ್ಲ. ತುದಿಯಲ್ಲೇ ಎಣ್ಣೆ ಜಿಡ್ಡಿದ್ದರೆ ಸಿಲಿಂಡರ್‌ಗೆ ಆಯಿಲ್ ಇಳಿಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ. ಗುಂಡಿಯಲ್ಲಿ ಮಾತ್ರ ಆಯಿಲ್ ನಿಂತಿದ್ದರೆ ಹೆಚ್ಚಿನ ಸಲ ಮೇಲಿನ ಕವರ್‌ನ ಸೀಲ್ ಹೋಗಿರುತ್ತದೆ, ಅದು ದೊಡ್ಡ ವಿಷಯವಲ್ಲ.

ಹೊಸ ಪ್ಲಗ್ ಹಾಕಿದ ಮೇಲೂ ನಡುಕ ನಿಲ್ಲದಿದ್ದರೆ ಸ್ಕ್ಯಾನರ್ ಹಾಕಿಸಿ, ಯಾವ ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಹೊಡೆಯುತ್ತಿದೆ ಅಂತ ತಿಳಿದುಕೊಳ್ಳಿ. ಅದರ ಕಾಯಿಲ್ ಅನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ ಮತ್ತೆ ನೋಡಿ. ಮಿಸ್ಸಿಂಗ್ ಕೂಡ ಅದರ ಜೊತೆ ಪಕ್ಕಕ್ಕೆ ಹೋದರೆ ಬದಲಿಸಬೇಕಾದ್ದು ಆ ಕಾಯಿಲ್.