ನಾಲಿಗೆ ಕೆಳಗಿನ ಮಾತ್ರೆ ನೋವಿನ ಮಾತ್ರೆಯಲ್ಲ

ಆಂಜೈನಾ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಸಿಗದೆ ಬರುವ ಎದೆನೋವು, ಇರುವ ಎಷ್ಟೋ ಜನ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ಜೇಬಲ್ಲೇ ಇಟ್ಟುಕೊಂಡು ಎದೆನೋವನ್ನು ಹಲ್ಲುಕಚ್ಚಿ ತಡೆಯುತ್ತಾರೆ. ಪದೇ ಪದೇ ತಗೊಂಡರೆ ಅಭ್ಯಾಸವಾಗಿಬಿಡುತ್ತದೆ ಅನ್ನೋ ಭಯ. ಕೊನೆಗೆ ನಡೆಯುವುದನ್ನೇ ಬಿಡುತ್ತಾರೆ. ಇದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾತ್ರೆ ಕೊಟ್ಟಿರುವುದೇ ಅವರು ಓಡಾಡಿಕೊಂಡಿರಲಿ ಅಂತ ಅಲ್ವಾ?

ಇದು ನೋವನ್ನು ಮರೆಸುವ ಮಾತ್ರೆಯಲ್ಲ. ದೇಹದೊಳಗೆ ಇದರಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಅದು ರಕ್ತನಾಳಗಳ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಹೃದಯದ ನಾಳ ಹಿಗ್ಗಿ ನೋವು ಹೋಯಿತು, ಅಷ್ಟೇ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅದೂ ಸ್ವಲ್ಪ ನಡೆಯುತ್ತದೆ. ಆದರೆ ದೊಡ್ಡ ಕೆಲಸವಾಗುವುದು ಹೃದಯದಿಂದ ದೂರ, ರಕ್ತವನ್ನು ವಾಪಸ್ ತರುವ ಅಭಿಧಮನಿಗಳಲ್ಲಿ. ಮೈಯ ಅರ್ಧಕ್ಕಿಂತ ಜಾಸ್ತಿ ರಕ್ತ ಸದಾ ಇರುವುದು ಅವುಗಳಲ್ಲೇ. ಅವು ಸಡಿಲವಾದರೆ ಇನ್ನಷ್ಟು ರಕ್ತ ಅಲ್ಲೇ ಉಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆ, ಅದು ಉಬ್ಬುವುದು ಕಡಿಮೆ, ಗೋಡೆಯ ಬಿಗಿತ ಕಡಿಮೆ. ಹಾಗಾಗಿ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ. ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುವವರ ಕೊಡದಿಂದ ಒಂದಿಷ್ಟು ನೀರು ತೆಗೆದ ಹಾಗೆ. ನಿಂತೇ ಮಾತ್ರೆ ಇಟ್ಟುಕೊಂಡರೆ ತಲೆ ಸುತ್ತುವುದೂ ಇದೇ ಕಾರಣಕ್ಕೆ. ಕೂತುಕೊಳ್ಳಿ.

ಸಿಡಿಮದ್ದಿನ ನೈಟ್ರೋಗ್ಲಿಸರಿನ್ನೇ ಇಲ್ಲಿನ ಔಷಧ. 1847ರಲ್ಲಿ ಅದನ್ನು ತಯಾರಿಸಿದ ಇಟಲಿಯ ರಸಾಯನಶಾಸ್ತ್ರಜ್ಞ ಸೊಬ್ರೆರೊ ನಾಲಿಗೆಗೆ ಚೂರು ತಾಗಿಸಿ ವಿಪರೀತ ತಲೆನೋವು ಅನುಭವಿಸಿದ. ನಾಳಗಳು ಹಿಗ್ಗಿದ ಗುರುತು ಅದು, ಇವತ್ತಿಗೂ ಮಾತ್ರೆ ತಗೊಂಡವರಿಗೆ ಬರುತ್ತದೆ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅದನ್ನು ಆಂಜೈನಾಕ್ಕೆ ಕೊಟ್ಟು ಗುಣ ಬರೆದಿಟ್ಟ. ಡೈನಮೈಟ್ ಮಾಡಿದ ಆಲ್ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟಿದ್ದು ಇದನ್ನೇ.

ಅಭ್ಯಾಸದ ಭಯಕ್ಕೆ ಒಂದು ಬುಡವಿದೆ. ಹಗಲೂ ರಾತ್ರಿ ಬಿಡದೆ ನೈಟ್ರೇಟ್ ಇದ್ದರೆ ನಾಳಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಅದಕ್ಕೇ ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ದಿನಕ್ಕೆ 10–12 ಗಂಟೆ ತೆಗೆದಿಡಲು ಹೇಳುವುದು. ಬೇಕಾದಾಗ ನಾಲಿಗೆ ಕೆಳಗಿಡುವ ಒಂದು ಮಾತ್ರೆಗೆ ಈ ತಕರಾರು ಇಲ್ಲ. ದಿಬ್ಬ ಹತ್ತುವ 5–10 ನಿಮಿಷ ಮೊದಲೇ ಇಟ್ಟುಕೊಂಡರೆ ನೋವು ಬರದಂತೆಯೂ ತಡೆಯಬಹುದು. ನಿಮ್ಮ ವೈದ್ಯರನ್ನು ಇದನ್ನೇ ಕೇಳಿ.

ನುಂಗಬೇಡಿ, ಯಕೃತ್ತು ಅದನ್ನು ದಾರಿಯಲ್ಲೇ ಒಡೆದುಹಾಕುತ್ತದೆ. ಸಿಲ್ಡೆನಾಫಿಲ್‌ನಂಥ (ವಯಾಗ್ರಾ) ಮಾತ್ರೆ ತಗೊಂಡಿದ್ದರೆ ನೈಟ್ರೇಟ್ ಮುಟ್ಟಲೇಬೇಡಿ, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಮಾತ್ರೆ ಇಟ್ಟು 5 ನಿಮಿಷವಾದರೂ ನೋವು ತಗ್ಗದಿದ್ದರೆ ಆಂಬುಲೆನ್ಸ್ ಕರೆಯಿರಿ. ಅದು ಹೃದಯಾಘಾತವೂ ಇರಬಹುದು.