ಪ್ರಾಕ್ಸಿಗೆ ಫಿಲ್ಟರ್ ಸೇವೆ: ಪಟ್ಟಿಯ ಉದ್ದವನ್ನು ನೋಡಿ ಆರಿಸಬಹುದೇ?

ಪ್ರಶ್ನೆ: ನಮ್ಮ ಸ್ಕ್ವಿಡ್ ಪ್ರಾಕ್ಸಿಗೆ (ಬ್ರೌಸರಿಗೂ ಅಂತರ್ಜಾಲಕ್ಕೂ ನಡುವೆ ನಿಂತು ಕೋರಿಕೆಗಳನ್ನು ಸಾಗಿಸುವ ತಂತ್ರಾಂಶಕ್ಕೆ) ಜಾಲತಾಣಗಳನ್ನು ಸೋಸುವ ಒಂದು ಸೇವೆಯನ್ನು ಜೋಡಿಸಬೇಕಾಗಿದೆ. ನೋಡಿದ ಎರಡು ಸೇವೆಗಳಲ್ಲಿ ಒಂದರಲ್ಲಿರುವ, ತಾಣಗಳನ್ನು ವರ್ಗಗಳಾಗಿ ವಿಂಗಡಿಸಿದ ಪಟ್ಟಿ ಇನ್ನೊಂದರದಕ್ಕಿಂತ ಐದು ಪಟ್ಟು ದೊಡ್ಡದು. ದೊಡ್ಡದನ್ನೇ ಆರಿಸುವುದು ಸರಿಯಲ್ಲವೇ?

ಉತ್ತರ: ಸರಿಯಲ್ಲ. ಇದೇ ಪ್ರಶ್ನೆಗೆ ಎಷ್ಟೋ ಸಲ ಚುಟುಕಾಗಿ ಉತ್ತರಿಸಿದ್ದೇನೆ. ಆದರೂ ಅದು ಮರಳಿ ಬರುತ್ತಿರುವುದರಿಂದ ಈ ಬಾರಿ ಕಾರಣಗಳನ್ನು ಬಿಡಿಸಿ ಬರೆಯುತ್ತೇನೆ.

ಪಟ್ಟಿಯಲ್ಲಿ ಎರಡು ಬಗೆಯ ನಮೂದುಗಳಿರುತ್ತವೆ: ಡೊಮೇನ್ ಹೆಸರುಗಳು ಮತ್ತು ಬಿಡಿ ಪುಟಗಳ ಪೂರ್ಣ ಯುಆರ್‌ಎಲ್‌ಗಳು. ಪ್ರಾಕ್ಸಿಯ ಮೂಲಕ ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುವ) ತಾಣಕ್ಕೆ ಹೋಗುವ ಬ್ರೌಸರು ಮೊದಲು ಕಳುಹಿಸುವುದು ಕನೆಕ್ಟ್ ಎಂಬ ಕೋರಿಕೆಯನ್ನು. ಅದರಿಂದ ಪ್ರಾಕ್ಸಿಗೆ ತಾಣದ ಹೆಸರೂ ಪೋರ್ಟ್ ಸಂಖ್ಯೆಯೂ ತಿಳಿಯುತ್ತವೆಯೇ ಹೊರತು ಯಾವ ಪುಟ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಎಚ್‌ಟಿಟಿಪಿಎಸ್ ತಾಣಗಳ ಮಟ್ಟಿಗೆ ಪುಟದ ನಮೂದುಗಳು ಲಕ್ಷವಿದ್ದರೂ ಒಂದೂ ತಾಳೆಯಾಗುವುದಿಲ್ಲ. ತಾಳೆಯಾಗಬೇಕಾದರೆ ಪ್ರತಿಯೊಂದು ಸಾಧನದಲ್ಲೂ ನಿಮ್ಮ ಪ್ರಮಾಣಪತ್ರವನ್ನು ಸ್ಥಾಪಿಸಿ ಸಂಪರ್ಕದ ಗೂಢಲಿಪಿಯನ್ನು ನಡುವೆ, ಪ್ರಾಕ್ಸಿಯಲ್ಲೇ ಬಿಚ್ಚಬೇಕು. ತಮ್ಮದೇ ಪ್ರಮಾಣಪತ್ರವನ್ನಷ್ಟೇ ಒಪ್ಪುವ ಆ್ಯಪ್‌ಗಳು ಆಗ ಕೆಲಸ ಮಾಡುವುದಿಲ್ಲ. ಡೊಮೇನ್ ನಮೂದುಗಳ ಎಣಿಕೆಯೂ ನಂಬಿಕೆಗೆ ಅರ್ಹವಲ್ಲ. ಸ್ಕ್ವಿಡ್‌ಗೆ ಜೋಡಿಸುವ ಸ್ಕ್ವಿಡ್‌ಗಾರ್ಡ್ ಎಂಬ ಫಿಲ್ಟರ್‌ನಲ್ಲಿ ಒಂದು ಡೊಮೇನನ್ನು ಬರೆದರೆ ಅದರ ಉಪಡೊಮೇನ್‌ಗಳೆಲ್ಲವೂ ಅದರೊಳಗೆ ಬರುತ್ತವೆ; ಅವನ್ನೇ ಸಾವಿರ ಸಾಲುಗಳಾಗಿ ಬರೆದ ಪಟ್ಟಿ ಉದ್ದವಾಗುತ್ತದೆ, ಹೆಚ್ಚೇನನ್ನೂ ತಡೆಯುವುದಿಲ್ಲ. ಸತ್ತುಹೋದ ಡೊಮೇನ್‌ಗಳನ್ನು ತೆಗೆಯದೆ ಹೊಸದನ್ನು ಸೇರಿಸುತ್ತ ಹೋದರೂ ಪಟ್ಟಿ ಬೆಳೆಯುತ್ತದೆ. ಬಹಳ ಮಂದಿ ನೆಚ್ಚಿಕೊಂಡಿದ್ದ ಶಲ್ಲಾಲಿಸ್ಟ್ ಎಂಬ ಪಟ್ಟಿ 2022ರಲ್ಲಿ ನಿಂತುಹೋಯಿತು. ಅದರ ಹಳೆಯ ಪ್ರತಿಯಲ್ಲಿ ಇಂದಿಗೂ ಅಷ್ಟೇ ಸಾಲುಗಳಿವೆ. ಆದರೆ ಅಲ್ಲಿಂದ ಈಚೆಗೆ ಹುಟ್ಟಿದ ಒಂದು ತಾಣವೂ ಅದರಲ್ಲಿಲ್ಲ.

ಕೇಳಬೇಕಾದದ್ದು ಬೇರೆ: ಪಟ್ಟಿ ಎಷ್ಟು ದಿನಕ್ಕೊಮ್ಮೆ ನವೀಕರಣವಾಗುತ್ತದೆ, ತಪ್ಪು ವರ್ಗಕ್ಕೆ ಸೇರಿದ ತಾಣವನ್ನು ತಿಳಿಸಿದರೆ ಎಷ್ಟು ಬೇಗ ತಿದ್ದುತ್ತಾರೆ, ಯಾವ ವರ್ಗಕ್ಕೂ ಸೇರದ ತಾಣವನ್ನು ಏನು ಮಾಡುತ್ತಾರೆ, ಸೇವೆಯೇ ನಿಂತರೆ ಪ್ರಾಕ್ಸಿ ಎಲ್ಲವನ್ನೂ ಬಿಡುತ್ತದೆಯೋ ಎಲ್ಲವನ್ನೂ ತಡೆಯುತ್ತದೆಯೋ. ಇವೆಲ್ಲಕ್ಕಿಂತ ನಿಮ್ಮದೇ ಆಕ್ಸೆಸ್ ಲಾಗ್ (ಯಾವ ತಾಣಗಳಿಗೆ ಕೋರಿಕೆ ಬಂತು ಎಂದು ಪ್ರಾಕ್ಸಿ ಬರೆದಿಡುವ ದಾಖಲೆ) ಒಳ್ಳೆಯ ಒರೆಗಲ್ಲು. ಒಂದು ವಾರದ ಲಾಗ್‌ನಿಂದ ಡೊಮೇನ್‌ಗಳನ್ನು ಹೆಕ್ಕಿ ಎರಡೂ ಸೇವೆಗಳಿಗೆ ಕೊಡಿ; ಉತ್ತರಗಳು ಬೇರೆಯಾದ ಕಡೆ ತಾಣವನ್ನು ತೆರೆದು ನೀವೇ ನೋಡಿ. ಅರ್ಧ ದಿನದ ಈ ಕೆಲಸ ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಸುತ್ತದೆ.

ನೀವು ಕೇಳದಿದ್ದರೂ ಕ್ಯಾಶೆಯ, ಅಂದರೆ ಮತ್ತೆ ಕೊಡಲೆಂದು ಪ್ರಾಕ್ಸಿ ಪುಟಗಳ ಪ್ರತಿಗಳನ್ನು ಇಟ್ಟುಕೊಳ್ಳುವ ಸಂಗ್ರಹದ ವಿಷಯವನ್ನು ಹೇಳಲೇಬೇಕು. ಹೆಸರನ್ನು ನೋಡಿ ತಡೆಯುವ ಫಿಲ್ಟರ್‌ಗೆ ಕ್ಯಾಶೆಯಿಂದ ತೊಂದರೆಯಿಲ್ಲ, ಏಕೆಂದರೆ ಸ್ಕ್ವಿಡ್ ಅನುಮತಿಯನ್ನು ಪರಿಶೀಲಿಸಿದ ಮೇಲೆಯೇ ಕ್ಯಾಶೆಯಲ್ಲಿ ಹುಡುಕುತ್ತದೆ. ಐಕ್ಯಾಪ್ (ಪ್ರಾಕ್ಸಿ ಪುಟಗಳನ್ನು ಹೊರಗಿನ ಸೇವೆಗೆ ತೋರಿಸಲು ಬಳಸುವ ಪ್ರೋಟೊಕಾಲ್) ಮೂಲಕ ಪುಟದ ಒಳಗನ್ನು ಓದುವ ಸೇವೆಯ ಸಂಗತಿ ಹಾಗಲ್ಲ. ಸ್ಕ್ವಿಡ್ ಪುಟವನ್ನು ಕ್ಯಾಶೆಗೆ ಇಡುವ ಮೊದಲು ಒಮ್ಮೆ ಆ ಸೇವೆಗೆ ತೋರಿಸುತ್ತದೆ. ಬಳಿಕ ಕ್ಯಾಶೆಯಿಂದ ಕೊಡುವಾಗ ಮತ್ತೆ ತೋರಿಸುವುದಿಲ್ಲ. ಒಬ್ಬರಿಗಾಗಿ ಸೋಸಿದ ಪ್ರತಿಯೇ ಇನ್ನೊಬ್ಬರಿಗೂ ಹೋಗಬಹುದು. ಆದ್ದರಿಂದ ಗುಂಪಿಗೊಂದು ನಿಯಮವಿದ್ದರೆ ಅದನ್ನು ಕೋರಿಕೆಯ ಹಂತದಲ್ಲೇ ಜಾರಿಮಾಡಿ. ಪುಟವನ್ನು ಸೋಸುವ ನಿಯಮವನ್ನು ಬದಲಿಸಿದಾಗ ಕ್ಯಾಶೆಯನ್ನು ಖಾಲಿಮಾಡಿ.