ಸೊಂಟ ನೋವಿನಲ್ಲಿ ಕೋರ್ ವ್ಯಾಯಾಮ: ಪ್ರಶ್ನೆ ಬಲದ್ದೋ, ಸಮಯದ್ದೋ?

ಸೊಂಟ ನೋವಿನ ಪೇಶಂಟ್‌ಗೆ "ನಿಮ್ಮ ಕೋರ್ (ಹೊಟ್ಟೆ, ಬೆನ್ನಿನ ಸ್ನಾಯುಗಳು) ವೀಕ್ ಆಗಿದೆ" ಎಂದು ಹೇಳಿ ಪ್ಲ್ಯಾಂಕ್ ವ್ಯಾಯಾಮ ಬರೆದುಕೊಡುವುದು ಸುಲಭ. ಆದರೆ ಫಿಸಿಯೋಥೆರಪಿ ವಿದ್ಯಾರ್ಥಿಗಳು ಓದುವ ಈ ಅಧ್ಯಾಯದ ಮೂಲ ಸಂಶೋಧನೆ ನೋಡಿದ್ದು ಸ್ನಾಯುವಿನ ಬಲವನ್ನಲ್ಲ, ಅದು ಯಾವಾಗ ಕೆಲಸ ಶುರುಮಾಡುತ್ತದೆ ಎಂಬುದನ್ನು.

ಮೊದಲು ಚೌಕಟ್ಟು. 1992ರಲ್ಲಿ ಸಂಶೋಧಕ ಮನೋಹರ್ ಪಂಜಾಬಿ ಹೇಳಿದ ಪ್ರಕಾರ ಬೆನ್ನುಮೂಳೆಯ ಸ್ಥಿರತೆಗೆ ಮೂರು ವ್ಯವಸ್ಥೆಗಳು ಬೇಕು: ಮೂಳೆ-ಡಿಸ್ಕ್-ಲಿಗಮೆಂಟ್, ಸ್ನಾಯುಗಳು, ನರಗಳ ನಿಯಂತ್ರಣ. ಒಂದು ಸೋತರೆ ಉಳಿದವು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತವೆ. ವೈವಾಗೆ (ಮೌಖಿಕ ಪರೀಕ್ಷೆಗೆ) ಇಷ್ಟು ಸಾಕು.

ನಿಜವಾದ ಸ್ವಾರಸ್ಯ ಹಾಡ್ಜಸ್, ರಿಚರ್ಡ್‌ಸನ್ ಎಂಬ ಸಂಶೋಧಕರ 1996ರ ಪ್ರಯೋಗದಲ್ಲಿದೆ. ಸೊಂಟ ನೋವಿನ ಇತಿಹಾಸ ಇರುವ 15 ಜನ, ಇಲ್ಲದ 15 ಜನ. ಸೂಚನೆ ಬಂದ ಕೂಡಲೇ ತೋಳನ್ನು ಬೀಸಬೇಕು. ಸ್ನಾಯುಗಳ ಚಟುವಟಿಕೆಯನ್ನು ಇಎಂಜಿ ದಾಖಲಿಸುತ್ತದೆ. ನೋವಿಲ್ಲದವರಲ್ಲಿ ಹೊಟ್ಟೆಯ ಅತ್ಯಂತ ಒಳಪದರದ ಸ್ನಾಯುವಾದ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ (ಟಿಆರ್‌ಎ) ತೋಳು ಅಲ್ಲಾಡುವ ಮೊದಲೇ ಬಿಗಿಯಾಯಿತು, ಮುಂದೆ ಬರುವ ಅಲುಗಾಟ ಮೆದುಳಿಗೆ ಗೊತ್ತಿದ್ದಂತೆ. ನೋವಿನ ಗುಂಪಿನಲ್ಲಿ ಅದು ತಡವಾಯಿತು, ತೋಳು ಯಾವ ದಿಕ್ಕಿಗೆ ಹೋದರೂ.

ಇದರಿಂದ "ತಡವಾದದ್ದಕ್ಕೇ ನೋವು ಬಂತು" ಎಂದು ಬರೆದರೆ ತಪ್ಪಾಗುತ್ತದೆ. 2003ರಲ್ಲಿ ಹಾಡ್ಜಸ್ ತಂಡವೇ ಆರೋಗ್ಯವಂತರ ಬೆನ್ನಿನ ಸ್ನಾಯುವಿಗೆ ಸಾಂದ್ರ ಉಪ್ಪುನೀರು ಚುಚ್ಚಿ ನೋವು ತರಿಸಿತು. ಟಿಆರ್‌ಎಯ ಈ ಮುಂಗಡ ಚಟುವಟಿಕೆ ಕೆಟ್ಟಿತು. ಅಂದರೆ ನೋವಿನಿಂದಲೂ ನಿಯಂತ್ರಣ ತಪ್ಪಬಹುದು. ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳೇ ಇದು.

ಬೆನ್ನುಮೂಳೆಗೆ ಅಂಟಿಕೊಂಡ ಆಳದ ಸ್ನಾಯು ಮಲ್ಟಿಫಿಡಸ್‌ನ ಕಥೆ ಬೇರೆ. ಹೈಡ್ಸ್ ಮತ್ತು ಸಂಗಡಿಗರು ಮೊದಲ ಸಲ ಸೊಂಟ ಹಿಡಿದವರನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ನೋವು ಹೋದರೂ ಸೊರಗಿದ ಸ್ನಾಯು ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ. ವ್ಯಾಯಾಮ ಮಾಡಿದವರಲ್ಲಿ ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಶೇ. 30, ಮಾಡದವರಲ್ಲಿ ಶೇ. 84. ಅಂಕಿ ದೊಡ್ಡದು, ಅಧ್ಯಯನ ಮಾತ್ರ ಚಿಕ್ಕದು. 39 ಜನ ಅಷ್ಟೇ.

ಈಗ ಟಿಆರ್‌ಎಯನ್ನು ಕೈಯಿಂದ ಮುಟ್ಟಿ ನೋಡಿ, ಬಿಗಿಮಾಡಲು ಕಲಿಸುವ ಕೆಲಸ. ಪೇಶಂಟ್ ಮೊಣಕಾಲು ಮಡಚಿ ಅಂಗಾತ ಮಲಗಲಿ. ಸೊಂಟದ ಮುಂದಿನ ಎಲುಬಿನ ತುದಿಯಿಂದ ಸ್ವಲ್ಪ ಒಳಗೆ, ಕೆಳಗೆ ನಿಮ್ಮ ಬೆರಳಿಡಿ. "ಹೊಕ್ಕುಳದ ಕೆಳಭಾಗವನ್ನು ಮೆಲ್ಲಗೆ ಒಳಕ್ಕೆ ಎಳ್ಕೊಳ್ಳಿ, ಉಸಿರಾಡ್ತಾ ಇರಿ" ಎನ್ನಿ. ಬೆರಳ ಕೆಳಗೆ ನಿಧಾನವಾಗಿ ಬಿಗಿ ಬಂದರೆ ಸರಿ. ಥಟ್ಟನೆ ಉಬ್ಬಿ ಬೆರಳನ್ನು ಹೊರಕ್ಕೆ ತಳ್ಳಿದರೆ ಅದು ಟಿಆರ್‌ಎ ಅಲ್ಲ, ಅದರ ಮೇಲಿನ ಪದರದ ಇಂಟರ್ನಲ್ ಆಬ್ಲಿಕ್ ಸ್ನಾಯು. ಪಕ್ಕೆಲುಬು ಮೇಲೆದ್ದರೆ ಹೊಟ್ಟೆಯನ್ನೆಲ್ಲ ಎಳೆದುಕೊಂಡಿದ್ದಾರೆ ಎಂದರ್ಥ. "ಇನ್ನೂ ಕಮ್ಮಿ ಮಾಡಿ" ಎನ್ನಬೇಕು. ಬಹಳ ಜನಕ್ಕೆ ಕಷ್ಟವಾಗುವುದು ಈ ಕಮ್ಮಿ ಮಾಡುವುದೇ. ಹತ್ತು ಸೆಕೆಂಡ್ ಹಿಡಿದು ಹತ್ತು ಸಲ ಬಂದರೆ ಕೈಕಾಲು ಎತ್ತುವುದು, ಕುಳಿತು ಏಳುವುದು, ಬಿಂದಿಗೆ ಎತ್ತುವುದಕ್ಕೆ ದಾಟಿಸಿ. ಬೆನ್ನುಮೂಳೆಯ ಸಂಶೋಧಕ ಮೆಕ್‌ಗಿಲ್ ಈ ಒಳಕ್ಕೆಳೆಯುವುದನ್ನು ಒಪ್ಪುವುದಿಲ್ಲ. ಇಡೀ ಹೊಟ್ಟೆಯನ್ನು ಸುತ್ತಲೂ ಬಿಗಿಮಾಡಿ ಎನ್ನುತ್ತಾರೆ. ಬರ್ಡ್ ಡಾಗ್, ಸೈಡ್ ಬ್ರಿಡ್ಜ್, ಕರ್ಲ್ ಅಪ್ ಅವರ ಮೂರು ವ್ಯಾಯಾಮ.

ಯಾವುದು ಮೇಲು ಎಂಬ ಜಗಳಕ್ಕೆ 2016ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ) ತಣ್ಣೀರೆರಚಿತು. ದೀರ್ಘಕಾಲದ ಸೊಂಟ ನೋವಿನಲ್ಲಿ ಈ ನಿಯಂತ್ರಣ ವ್ಯಾಯಾಮಕ್ಕೂ ಬೇರೆ ವ್ಯಾಯಾಮಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪೇಶಂಟ್ ಬಿಡದೆ ಮಾಡುವಂಥದ್ದನ್ನೇ ಆರಿಸುವುದು ಜಾಣತನ. "ಬೆನ್ನು ಜಾರಿದೆ, ಬಗ್ಗಬೇಡಿ" ಎಂದು ಹೆದರಿಸಬೇಡಿ. ಹೆದರಿದವರು ಬೆನ್ನನ್ನು ಇನ್ನಷ್ಟು ಸೆಟೆದುಕೊಳ್ಳುತ್ತಾರೆ.

ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಗಳ ನಡುವೆ, ಗುದ-ಜನನಾಂಗದ ಸುತ್ತ ಜೋಮು ಹಿಡಿದಿದ್ದರೆ ಇದ್ಯಾವುದೂ ಬೇಡ, ನೇರ ಆಸ್ಪತ್ರೆಗೆ ಕಳಿಸಿ.